ಕೆಂಪಿನ ಹೆಪ್ಪು

ನಮ್ಮ ಕೇಂದ್ರದ ನಿಯಮಾವಳಿಯಲ್ಲಿ ಮೂವತ್ತೆಂಟು ನಿಯಮಗಳಿದ್ದವು. ಅಷ್ಟನ್ನೂ ಬರೆದವಳು ನಾನೇ. ಹನ್ನೊಂದನೆಯದು ಹೀಗಿತ್ತು: 'ಜೀವಕೋಶಗಳನ್ನು ಯಾವ ಕಾರಣಕ್ಕೂ ಪ್ರಯೋಗಾಲಯದಿಂದ ಹೊರಗೆ ಒಯ್ಯಕೂಡದು. ಒಯ್ದವರನ್ನು ಅದೇ ದಿನ ಕೆಲಸದಿಂದ ತೆಗೆಯಲಾಗುವುದು.' ಇದನ್ನು ಬರೆದು, ಮುದ್ರಿಸಿ, ಗಾಜು ಹಾಕಿಸಿ ಗೋಡೆಗೆ ತೂಗುಹಾಕಿದ ದಿನ ನನಗೆ ಎಷ್ಟು ಸಮಾಧಾನವಾಗಿತ್ತೆಂದರೆ, ಮಧ್ಯಾಹ್ನ ಎರಡು ರೊಟ್ಟಿ ಹೆಚ್ಚಿಗೆ ತಿಂದಿದ್ದೆ.

ನಾನು ಪದ್ಮಜಾ ಅರಸ್. ಹುಟ್ಟಿ ಬೆಳೆದದ್ದು ಮೈಸೂರು, ಓದಿದ್ದು ಸಸ್ಯಕೋಶ ವಿಜ್ಞಾನ. ಮದುವೆಯ ಕರೆಯೋಲೆಯಲ್ಲಿ ದಿನಾಂಕಕ್ಕೂ ವಾರಕ್ಕೂ ತಾಳೆಯಾಗದಿದ್ದರೆ ಫೋನ್ ಮಾಡಿ ತಿಳಿಸುವ ಜಾತಿ ನನ್ನದು. ಇಳಕಲ್ಲಿನ ಬಣ್ಣದ ಕೋಶ ಕೇಂದ್ರಕ್ಕೆ ನನ್ನನ್ನು ಮುಖ್ಯಸ್ಥೆಯನ್ನಾಗಿ ಕಳಿಸಿದವರು ಬಹುಶಃ ಈ ಗುಣ ನೋಡಿಯೇ ಕಳಿಸಿದ್ದರು. ಕಳಿಸಿದ ಮೇಲೆ ಅವರ ಕಚೇರಿಯಲ್ಲಿ ನೆಮ್ಮದಿ ಹೆಚ್ಚಿತೆಂದೂ ಕೇಳಿದ್ದೇನೆ.

ಕೇಂದ್ರ ಹುಟ್ಟಿದ್ದು ಒಂದು ಕಾನೂನಿನಿಂದ. ರಾಸಾಯನಿಕ ಬಣ್ಣದ ನೀರನ್ನು ಹಳ್ಳಕ್ಕೆ ಬಿಡಕೂಡದು ಎಂದು ಆದೇಶವಾದಾಗ, ನೂಲಿಗೆಲ್ಲ ಗಿಡದ ಬಣ್ಣವೇ ಆಗಬೇಕಾಯಿತು. ನೀಲಿಗೆ ನೀಲಿ ಗಿಡದ ಹೊಲಗಳಿದ್ದವು. ಹಳದಿಗೆ ದಾಳಿಂಬೆ ಸಿಪ್ಪೆ ಇತ್ತು. ಕೆಂಪಿಗೆ ಮಾತ್ರ ಏನೂ ಇರಲಿಲ್ಲ. ಕೆಂಪು ಕೊಡುವ ಮಂಜಿಷ್ಠದ ಬಳ್ಳಿಯನ್ನು ಜನ ಬೇರುಸಹಿತ ಕಿತ್ತು ಕಿತ್ತು ಕಾಡಿನಲ್ಲಿ ಮುಗಿಸಿಬಿಟ್ಟಿದ್ದರು. ಇಳಕಲ್ ಸೀರೆಯ ಒಡಲು ಯಾವ ಬಣ್ಣದ್ದಾದರೂ ಆಗಿರಲಿ, ಸೆರಗು ಕೆಂಪು. ಕೆಂಪು ಸೆರಗಿಲ್ಲದ್ದನ್ನು ಈ ಊರಿನವರು ಸೀರೆ ಎನ್ನುವುದಿಲ್ಲ, ಬಟ್ಟೆ ಎನ್ನುತ್ತಾರೆ.

ಬಳ್ಳಿಯೇ ಇಲ್ಲದೆ ಬಳ್ಳಿಯ ಬಣ್ಣವನ್ನು ಬೆಳೆದರೆ ಹೇಗೆ? ಆಗ ಯಾರೋ ಕೇಳಿದ ಈ ಪ್ರಶ್ನೆಯೇ ನಮ್ಮ ಕೆಲಸವಾಯಿತು. ಕೊನೆಯದಾಗಿ ಸಿಕ್ಕ ಒಂದು ಬಳ್ಳಿಯ ಬೇರಿನಿಂದ ಅಕ್ಕಿಕಾಳಿನಷ್ಟು ಚೂರು ಕತ್ತರಿಸಿ, ಸಕ್ಕರೆ ಮತ್ತು ಲವಣ ಬೆರೆಸಿದ ಗಂಜಿಯಂಥ ಪಾಕದ ಮೇಲಿಟ್ಟೆವು. ಗಾಯ ಮಾಯುವಂತೆ ಅಲ್ಲಿ ಕೋಶಗಳು ಉಬ್ಬಿ ಗಂಟು ಕಟ್ಟಿದವು. ಎಲೆಯಿಲ್ಲ, ಕಾಂಡವಿಲ್ಲ, ಬರೀ ಕೋಶಗಳ ಮುದ್ದೆ. ಅದನ್ನು ಸಕ್ಕರೆ ನೀರಿಗೆ ಬಿಟ್ಟು, ಗಾಳಿಯ ಗುಳ್ಳೆ ಹಾಯಿಸಿ, ನಿಧಾನವಾಗಿ ಕಲಕುತ್ತ ಹೋದರೆ ಹನ್ನೆರಡು ದಿನಕ್ಕೆ ಒಂದು ಹಂಡೆಯ ತುಂಬ ಕೆಂಪು ರವೆಯಂಥ ಕೋಶಗಳು. ಮುಂದಿನ ಹಂಡೆಗೆ ಬೇಕಾದಷ್ಟನ್ನು ಎತ್ತಿಟ್ಟು, ಉಳಿದದ್ದರಿಂದ ಬಣ್ಣ ತೆಗೆದು, ಪಟಿಕದ ನೀರು ಕುಡಿದ ರೇಷ್ಮೆಯನ್ನು ಅದರಲ್ಲಿ ಅದ್ದಿದರೆ ಸೆರಗಿನ ಕೆಂಪು ಸಿದ್ಧ. ಊರಿನ ಅರವತ್ತು ಬಣ್ಣದ ಮನೆಗಳು ನಮ್ಮ ಹಂಡೆಯನ್ನೇ ನಂಬಿಕೊಂಡಿದ್ದವು.

ಕೇಂದ್ರದಲ್ಲಿ ಗಾಜಿನ ಸಾಮಾನು ತೊಳೆದು ಕುದಿಸಿ ಇಡುವ ಕೆಲಸ ಸಂಗವ್ವ ನೀಲಗಾರಳದು. ತಲೆತಲಾಂತರದ ಬಣ್ಣದ ಮನೆತನ ಅವಳದು. ಉಗುರಿನ ಸುತ್ತ ಇನ್ನೂ ನೀಲಿ ಉಳಿದಿತ್ತು. ಐವತ್ತೈದರ ಹೆಂಗಸು, ನಿಯಮಗಳ ಬಗ್ಗೆ ಅಪಾರ ಗೌರವ ತೋರಿಸುತ್ತ ಒಂದೊಂದನ್ನೂ ಮೆಲ್ಲಗೆ ಸಡಿಲ ಮಾಡುವವಳು. 'ಪ್ರಯೋಗಾಲಯದಲ್ಲಿ ತಿನಿಸು ನಿಷಿದ್ಧ' ಎಂಬ ನಿಯಮ ಬಂದ ಮರುದಿನ ಅವಳು ಬಾಗಿಲ ಹೊಸ್ತಿಲ ಮೇಲೆ ಕೂತು, ಕಾಲು ಹೊರಗೆ ಬಿಟ್ಟುಕೊಂಡು ಚುರುಮುರಿ ತಿಂದಳು.

ಊರಿಗೆ ಬಂದ ಮೊದಲ ವಾರದಲ್ಲಿ ನನಗೊಂದು ಅವಮಾನವಾಗಿತ್ತು. ಸಂಜೆ ಹಾಲು ಕಾಯಿಸಿ, ಹೆಪ್ಪು ಹಾಕಲು ಮೊಸರಿಲ್ಲದೆ, ಬಟ್ಟಲು ಹಿಡಿದು ಕೆಳಗಿನ ಮನೆಗಿಳಿದೆ. ಮನೆಯೊಡತಿ ಕಾಶವ್ವ ನನ್ನ ಬಟ್ಟಲನ್ನೂ ದೇವರ ಮುಂದಿನ ದೀಪವನ್ನೂ ನೋಡಿ, ದೀಪ ಹಚ್ಚಿಯಾಯಿತು, ಇನ್ನು ಹೆಪ್ಪು ಕೊಡುವುದಿಲ್ಲ, ಬೆಳಿಗ್ಗೆ ಬನ್ನಿ ಎಂದಳು. ಒಂದು ಚಮಚ ಮೊಸರಿಗೆ ಇಷ್ಟು ಬಿಗುಮಾನವೇ ಎಂದು ನಾನು ಸಿಟ್ಟಿನಿಂದ ಮೆಟ್ಟಿಲು ಹತ್ತಿದೆ. ಹೊತ್ತು ಮುಳುಗಿದ ಮೇಲೆ ಹೆಪ್ಪು ಕೊಟ್ಟರೆ ಮನೆಯ ಹಾಲು ಒಡೆಯುತ್ತದೆಂದು ಇಲ್ಲಿನವರ ನಂಬಿಕೆ. ಬೆಳಿಗ್ಗೆ ಕೇಳಿದರೆ ಮಾತ್ರ ಇಲ್ಲ ಎನ್ನುವಂತಿಲ್ಲ. ವೈರಿ ಕೇಳಿದರೂ ಕೊಡಲೇಬೇಕು.

ಆ ವರ್ಷಗಳಲ್ಲಿ ನಾನೊಂದು ಚಿಕ್ಕ ಯಂತ್ರವನ್ನೂ ಮಾಡಿದ್ದೆ. ಅಂಗೈಯಗಲದ ಗಾಜಿನ ಗಡಿಗೆ. ಮುಚ್ಚಳದಲ್ಲಿ ಗಾಳಿಯನ್ನು ಒಳಬಿಟ್ಟು ಬೂಷ್ಟನ್ನು ತಡೆಯುವ ಪೊರೆ, ಪಕ್ಕದಲ್ಲಿ ಸಕ್ಕರೆ ನೀರನ್ನು ಸೂಜಿಯಿಂದ ಒಳಗೆ ಬಿಡಲು ಒಂದು ರಬ್ಬರ್ ಬಾಯಿ. ಬಣ್ಣದ ಮನೆಗಳವರು ತಮ್ಮ ಕೆಂಪನ್ನು ತಾವೇ ಬೆಳೆಯಲಿ ಎಂಬುದು ಆಸೆ. ಮೇಲ್ವಿಚಾರಣಾ ಸಮಿತಿ ಅದನ್ನು ಒಪ್ಪಲಿಲ್ಲ. ಅಡುಗೆಮನೆಯಲ್ಲಿ ಕೋಶ ಬೆಳೆಸುವುದು ವಿಜ್ಞಾನಕ್ಕೆ ಅಗೌರವ ಎಂದು ಅಧ್ಯಕ್ಷ ಡಾ. ಚಕ್ರಪಾಣಿ ಬರೆದರು. ಇಪ್ಪತ್ತು ಗಡಿಗೆಗಳು ಉಗ್ರಾಣದಲ್ಲಿ ಧೂಳು ತಿನ್ನುತ್ತಿದ್ದುದನ್ನು ನೋಡಲಾರದೆ, ಬೇಕಾದವರು ಒಯ್ಯಿರಿ ಎಂದೆ. ಸಂಗವ್ವ ಎಂಟು ಒಯ್ದಳು. ಉಪ್ಪಿನಕಾಯಿಗಾ ಎಂದು ಕೇಳಿದೆ. ಅವಳು ತಲೆಯನ್ನು ಯಾವ ಕಡೆಗೆ ಆಡಿಸಿದಳೆಂದು ನನಗೆ ಆಗ ಸರಿಯಾಗಿ ಗೊತ್ತಾಗಲಿಲ್ಲ.

ಇದಾಗಿ ನಾಲ್ಕು ವರ್ಷಕ್ಕೆ ನಮ್ಮ ಕೆಂಪು ಕೈಕೊಟ್ಟಿತು.

ಒಂದೇ ಸಲಕ್ಕೆ ಅಲ್ಲ. ಮೊದಲು ಕುಂಕುಮದಂತಿದ್ದದ್ದು ಇಟ್ಟಿಗೆಯಂತಾಯಿತು, ಆಮೇಲೆ ಈರುಳ್ಳಿ ಸಿಪ್ಪೆಯಂತಾಯಿತು, ಕಡೆಗೆ ಹಂಡೆಯಲ್ಲಿ ಮಜ್ಜಿಗೆಯೇ ಉಳಿಯಿತು. ಕೋಶಗಳಿಗೆ ಕಾಯಿಲೆಯೇನೂ ಇರಲಿಲ್ಲ. ಬಲು ಗಟ್ಟಿಮುಟ್ಟಾಗಿದ್ದವು, ಹನ್ನೆರಡು ದಿನದ ಬೆಳೆ ಎಂಟೇ ದಿನಕ್ಕೆ ಬರುತ್ತಿತ್ತು. ಬಣ್ಣವೊಂದನ್ನು ಬಿಟ್ಟು ಎಲ್ಲವನ್ನೂ ಮಾಡುತ್ತಿದ್ದವು. ನಾನು ಸಕ್ಕರೆ ಬದಲಿಸಿದೆ, ಲವಣ ಬದಲಿಸಿದೆ, ಬೆಳಕು ಹೆಚ್ಚಿಸಿದೆ, ಕತ್ತಲೆ ಮಾಡಿದೆ. ಅವು ಬೆಳ್ಳಗೆ ಉಬ್ಬಿಕೊಂಡು ಹಾಯಾಗಿ ತಿರುಗುತ್ತಿದ್ದವು.

ಇಂಥ ಹೊತ್ತಿಗೆಂದೇ ಹಳೆಯ ಕೋಶಗಳನ್ನು ದ್ರವ ಸಾರಜನಕದಲ್ಲಿ ಹೆಪ್ಪುಗಟ್ಟಿಸಿ ಇಡುತ್ತೇವೆ. ನಾವೂ ಇಟ್ಟಿದ್ದೆವು. ಆದರೆ ಹಿಂದಿನ ವರ್ಷ ಜಾಗ ಸಾಲದೆಂದು ಹಳೆಯ ಶೀಶೆಗಳನ್ನೆಲ್ಲ ತೆಗೆಸಿ, ಬೇಗ ಬೆಳೆಯುವ ಹೊಸ ಕೋಶಗಳನ್ನು ತುಂಬಿಸಲಾಗಿತ್ತು. ಆದೇಶ ಯಾರದೆಂದು ಕಡತ ತೆಗೆದು ನೋಡಿದೆ. ಕೆಳಗೆ ನನ್ನದೇ ಸಹಿ, ಮೂರು ಪ್ರತಿ.

ಸಮಿತಿಗೆ ಬರೆದೆ. ಚಕ್ರಪಾಣಿಯವರ ಉತ್ತರ ಮರುದಿನವೇ ಬಂತು. ಹದಿನಾರನೇ ದಿನ ತಾವೇ ಬರುತ್ತಾರೆ. ಅವತ್ತು ಒಂದು ಲಡಿ ರೇಷ್ಮೆ, ಅಂದರೆ ಒಂದು ಸೆರಗಿಗಾಗುವಷ್ಟು ನೂಲು, ಮಾದರಿಯ ಕೆಂಪಿಗೆ ಸರಿಯಾಗಿ ಅದ್ದಿ ತೋರಿಸಬೇಕು. ಇಲ್ಲವಾದರೆ ಕೇಂದ್ರಕ್ಕೆ ಬೀಗ. ಬೀಗ ಬಿದ್ದರೆ ಕೆಂಪು ನೂಲು ಪರವೂರಿನಿಂದ ಬರುತ್ತದೆ, ಇಲ್ಲಿನ ಅರವತ್ತು ಮನೆಗಳ ಬಣ್ಣದ ಹಂಡೆಗಳು ಬೋರಲು ಬೀಳುತ್ತವೆ. ಆ ಕಾಗದವನ್ನು ನಾನು ಸಿಬ್ಬಂದಿಗೆಲ್ಲ ಓದಿ ಹೇಳಿದೆ. ಹೇಳುವಾಗ ನನ್ನ ದನಿ ನಡುಗಿತು. ಆರು ವರ್ಷದಲ್ಲಿ ಅವರು ನನ್ನನ್ನು ಹಾಗೆ ನೋಡಿದ್ದು ಅದೇ ಮೊದಲು.

ಮರುದಿನ ಮಧ್ಯಾಹ್ನ ಸಂಗವ್ವ ನನ್ನ ಕೋಣೆಗೆ ಬಂದಳು. ಮೇಲಂಗಿಯನ್ನು ಒಗೆದು ಮಡಚಿ ತಂದಿದ್ದಳು. ಅದನ್ನು ಮೇಜಿನ ಮೇಲಿಟ್ಟು, ಅದರ ಮೇಲೆ ತನ್ನ ಕಪಾಟಿನ ಕೀಲಿಯನ್ನಿಟ್ಟಳು.

"ಅಕ್ಕಾರ, ಮೊದಲ ಇದನ್ನ ತೊಗೋರಿ. ಆಮ್ಯಾಲ ಹೇಳತೀನಿ," ಎಂದಳು. "ಆ ಎಂಟು ಗಡಿಗಿ ಉಪ್ಪಿನಕಾಯಿಗೆ ಒಯ್ದಿದ್ದಿಲ್ರಿ. ಆವಾಗಿನ ಕೆಂಪನ್ನ ಒಂದು ಚಮಚೆ ಒಯ್ದು ಮನ್ಯಾಗ ಹಾಕಿದ್ದೆ. ಕೈಯಾಗ ಬಣ್ಣ ಇಲ್ಲದ ನನಗ ಮನ್ಯಾಗ ಕುಂದ್ರಾಕ ಆಗತಿದ್ದಿಲ್ಲ."

ನಾನು ಎದ್ದು ನಿಂತೆ. ಈಗ ಎಲ್ಲಿದೆ ಎಂದು ಕೇಳಿದೆ. ತನ್ನ ಮನೆಯದು ಹೋದ ಬೇಸಿಗೆಯಲ್ಲಿ ಸತ್ತಿತೆಂದಳು. ನಾನು ಮತ್ತೆ ಕೂತೆ. ಅವಳು ಇನ್ನೂ ನಿಂತೇ ಇದ್ದಳು, ಹೇಳುವುದು ಮುಗಿದಿರಲಿಲ್ಲ.

"ನಾನೊಬ್ಬಾಕಿ ಇಟಗೊಂಡಿದ್ದಿಲ್ರಿ. ಓಣ್ಯಾಗ ಹೆಪ್ಪ ಕೇಳಿದ್ರು. ಕೈಯಿಂದ ಕೈಗೆ ಹೋತು, ಈಗ ಯಾರ ಮನ್ಯಾಗ ಉಳದೈತೋ ಗೊತ್ತಿಲ್ಲ. ಕೇಳಿದ್ರ ಇಲ್ಲಂತ ಹ್ಯಾಂಗ ಅನ್ನೂದು?"

ಗೋಡೆಯ ಮೇಲೆ ಹನ್ನೊಂದನೆಯ ನಿಯಮ ಗಾಜಿನೊಳಗಿಂದ ನಮ್ಮಿಬ್ಬರನ್ನೂ ನೋಡುತ್ತಿತ್ತು. ಈ ಹೆಂಗಸಿಗೆ ಅದು ಬಾಯಿಪಾಠ; ದಿನಾ ಆ ಗಾಜು ಒರೆಸುವವಳೇ ಅವಳು. ಸುಮ್ಮನಿದ್ದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಹಂಡೆ ಉಳಿಯಲೆಂದು ತನ್ನ ಅನ್ನದ ದಾರಿಯನ್ನೇ ಬಿಟ್ಟುಕೊಡಲು ಬಂದಿದ್ದಳು. ನಾನು ಹೇಳಿದ್ದು ಮಾತ್ರ ಇಷ್ಟೇ: ಮೇಲಂಗಿ ಮೇಜಿನ ಮೇಲೆ ಇಡುವುದು ಇಪ್ಪತ್ತೆರಡನೇ ನಿಯಮಕ್ಕೆ ವಿರುದ್ಧ, ಎತ್ತಿಕೊಳ್ಳಿ, ಮನೆಗಳನ್ನು ತೋರಿಸಿ ನಡೆಯಿರಿ.

ಮೊದಲ ಮನೆ ಮೆಹಬೂಬಿಯದು, ಸೀರೆಯ ಗೊಂಡೆ ಕಟ್ಟುವವಳು. ಅವಳ ಗಡಿಗೆ ಮಗ್ಗದ ಮಗ್ಗುಲ ಗೂಡಿನಲ್ಲಿತ್ತು. ನೋಡಿದರೆ ಒಳಗೆಲ್ಲ ಕರೀ ಬೂಷ್ಟು. ಮುಚ್ಚಳದ ಪೊರೆ ಹರಿದಿದ್ದು ಅವಳ ಗಮನಕ್ಕೆ ಬಂದಿರಲಿಲ್ಲ. ಅವಳು ಬಹಳ ನೊಂದುಕೊಂಡಳು. ನಮಗೆ ಚಹಾ ಕುಡಿಸಿ, ತಾನು ಯಾರ್ಯಾರಿಗೆ ಕೊಟ್ಟಿದ್ದೇನೆಂದು ಬೆರಳು ಮಡಚಿ ಹೇಳಿದಳು. ಏಳು ಮನೆ. ಗಡಿಗೆಗಳು ಸಾಲದ್ದಕ್ಕೆ ಇವರೇ ಗಾಜಿನ ಭರಣಿಗೆ ಅರಳೆ ಮತ್ತು ನಾಲ್ಕು ಪದರ ಬಟ್ಟೆ ಬಿಗಿದು ನನ್ನ ಯಂತ್ರದ ನಕಲು ಮಾಡಿಕೊಂಡಿದ್ದರು. ಗಡಿಗೆಗಳ ಜೊತೆಗಿದ್ದ ಲವಣದ ಪುಡಿಯ ಪೊಟ್ಟಣ ಮುಗಿದ ಮೇಲೆ ಏನು ಹಾಕಿದಿರಿ ಎಂದು ಕೇಳಿದೆ. ದೇವರಿಗೆ ಒಡೆದ ಕಾಯಿಯ ನೀರನ್ನು ಸಕ್ಕರೆ ಹಾಕಿ ಕುದಿಸಿ ಸೋಸಿ ಹಾಕುತ್ತೇವೆ, ನನಗೆ ಆ ನೀರು ಸಂಗವ್ವನ ಮನೆಯಿಂದ ಬರುತ್ತದೆ ಎಂದಳು. ನನಗೆ ನಗು ಬಂತು. ಸಸ್ಯಕೋಶಗಳಿಗೆ ತೆಂಗಿನಕಾಯಿಯ ನೀರು ಒಳ್ಳೆಯದೆಂದು ನಾವು ಪುಸ್ತಕದಲ್ಲಿ ಓದಿ ಪರೀಕ್ಷೆ ಬರೆದಿದ್ದೆವು.

ಎರಡನೇ ಮನೆಯಲ್ಲಿ ಒಣಗಿತ್ತು. ಮೂರನೆಯದರಲ್ಲಿ ಇತ್ತು, ಆದರೆ ಮಂಕಾಗಿತ್ತು. ನಾಲ್ಕನೆಯವರು ಊರಲ್ಲಿರಲಿಲ್ಲ. ಹೀಗೆ ಒಬ್ಬರು ಇನ್ನೊಬ್ಬರನ್ನು ತೋರಿಸುತ್ತ ಹೋದಂತೆ ಸಂಜೆಯಾಯಿತು. ಕಾಲುಗಳು ನೋಯುತ್ತಿದ್ದವು. ಕಡೆಗೆ ಒಬ್ಬಳು, ಚಲೋ ಕೆಂಪು ಬೇಕಾದರೆ ಕಾಶವ್ವನ ಮನೆಗೆ ಹೋಗಿ, ನಾವೆಲ್ಲ ಕೆಟ್ಟಾಗ ಅಲ್ಲಿಂದಲೇ ತರುತ್ತೇವೆ ಎಂದಳು.

ಯಾವ ಕಾಶವ್ವ ಎಂದೆ. ಅವಳು ನನ್ನನ್ನು ವಿಚಿತ್ರವಾಗಿ ನೋಡಿದಳು. ನಿಮ್ಮ ಕೆಳಗಿನ ಮನೆಯ ಕಾಶವ್ವ.

ಸಂಗವ್ವನನ್ನು ಕರೆದುಕೊಂಡು ಓಡುನಡಿಗೆಯಲ್ಲಿ ಮನೆಗೆ ಬಂದೆ. ಕಾಶವ್ವನ ಅಡುಗೆಮನೆಯ ಕಿಟಕಿಯಲ್ಲಿ, ದಿನಕ್ಕೆರಡು ಸಲ ನಾನು ಮೆಟ್ಟಿಲು ಹತ್ತುವಾಗ ಹಾದುಹೋಗುವ ಕಿಟಕಿಯಲ್ಲಿ, ನನ್ನದೇ ಗಡಿಗೆ ಕೂತಿತ್ತು. ಅದರೊಳಗೆ ಕೆಂಪು. ಬರೀ ಕೆಂಪಲ್ಲ, ನಾವು ಮೊದಲ ವರ್ಷ ಹಂಡೆಯಲ್ಲಿ ಕಂಡು ಚಪ್ಪಾಳೆ ಹೊಡೆದಿದ್ದೆವಲ್ಲ, ಅದಕ್ಕಿಂತ ದಟ್ಟವಾದ ಕೆಂಪು. ದೇವಿಗೆ ಉಡಿಸುವ ಗೇಣಗಲದ ಸೀರೆಯ ನೂಲಿಗೆ ಅವಳು ಅದನ್ನು ಬಳಸುತ್ತಿದ್ದಳಂತೆ. ಇಷ್ಟು ವರ್ಷ ನಾನು ಅದನ್ನು ಮೆಣಸಿನಕಾಯಿ ಚಟ್ನಿ ಎಂದುಕೊಂಡಿದ್ದೆ.

ಕೈ ಚಾಚಿದೆ. ಕಾಶವ್ವ ಅಡ್ಡ ಬಂದಳು. ದೇವರ ಮುಂದೆ ದೀಪ ಉರಿಯುತ್ತಿತ್ತು.

ಇದು ಮೊಸರಲ್ಲ, ವಿಜ್ಞಾನ ಎಂದೆ. ಹದಿನೈದು ದಿನ ಉಳಿದಿವೆ, ಬೆಳೆಸಲು ಹನ್ನೆರಡು, ಬಣ್ಣ ತೆಗೆಯಲು ಎರಡು, ಅದ್ದಲು ಒಂದು, ಒಂದು ರಾತ್ರಿ ಕಳೆದರೂ ಲೆಕ್ಕ ತಪ್ಪುತ್ತದೆ ಎಂದು ಬಿಡಿಸಿ ಹೇಳಿದೆ. ಅರವತ್ತು ಮನೆಗಳ ಮಾತನ್ನೂ ಹೇಳಿದೆ. ಅವಳು ಎಲ್ಲವನ್ನೂ ಸಮಾಧಾನದಿಂದ ಕೇಳಿದಳು.

"ಅದು ನಾಲ್ಕ ವರ್ಷ ನನ್ನ ಮನ್ಯಾಗ ಯಾಕ ಉಳದೈತಿ ಅಂತೀರಿ?" ಎಂದಳು. "ನೇಮ ತಪ್ಪಿಲ್ಲ, ಅದಕ್ಕ ಉಳದೈತಿ. ಮುಂಜಾನಿ ಬರ್ರಿ."

ಸಹಾಯಕ್ಕೆಂದು ಸಂಗವ್ವನ ಕಡೆ ನೋಡಿದೆ. ಅವಳು ಕಾಶವ್ವನ ಕಡೆ ಇದ್ದಳು. ಮೂವತ್ತೆಂಟು ನಿಯಮ ಬರೆದವಳು ನಾನು. ಇನ್ನೊಬ್ಬರ ಒಂದೇ ಒಂದು ನಿಯಮದ ಮುಂದೆ ಮೆಟ್ಟಿಲು ಹತ್ತಿ ಹೋಗಬೇಕಾಯಿತು. ಮೇಲಿನ ಮನೆಯಲ್ಲಿ ಕೂತು ಮತ್ತೆ ಲೆಕ್ಕ ಹಾಕಿದೆ. ಬಣ್ಣ ತೆಗೆಯುವುದನ್ನು ಒಂದೇ ದಿನಕ್ಕೆ ಮುಗಿಸಿದರೆ ಆಗುತ್ತಿತ್ತು.

ಬೆಳಿಗ್ಗೆ ಕುದಿಸಿದ ಶೀಶೆ, ಸುಟ್ಟ ಚಮಚ, ಕೈಗವಸು ಎಲ್ಲದರ ಜೊತೆ ಇಳಿದೆ. ಸಂಗವ್ವ ಆಗಲೇ ಬಂದು ಕೂತಿದ್ದಳು. ಹೆಪ್ಪು ಕೇಳುವವರು ಬರಿಗೈಲಿ ಬರಬಾರದೆಂದು ನನ್ನನ್ನು ಮತ್ತೆ ಮೇಲೆ ಓಡಿಸಿದಳು. ಒಂದು ಬಟ್ಟಲು ಸಕ್ಕರೆ ತಂದೆ. ಕಾಶವ್ವ ಅದನ್ನು ಕಣ್ಣಿಗೊತ್ತಿಕೊಂಡು ಗಡಿಗೆಯ ಮುಚ್ಚಳ ತೆರೆದಳು. ನಾನು ಅಭ್ಯಾಸದಂತೆ ಎಲ್ಲಿ ಕೋಶಗಳು ಸೊಂಪಾಗಿ ಉಬ್ಬಿದ್ದವೋ ಅಲ್ಲಿಗೆ ಚಮಚ ಇಳಿಸಿದೆ. ಅವಳು ನನ್ನ ಮಣಿಕಟ್ಟು ಹಿಡಿದಳು.

"ಅಲ್ಲಿಂದ ಬ್ಯಾಡ್ರಿ. ಅದು ಸುಮ್ಮ ಉಬ್ಬೈತಿ, ಅದರಾಗ ಏನಿಲ್ಲ. ಇಲ್ಲೆ, ಕೆಂಪ ಬಿಗಿ ಆಗೈತಲ್ಲ, ಇಲ್ಲಿಂದ ತೊಗೋರಿ. ಮೊಸರಿನ ಹೆಪ್ಪನೂ ನೀರ ಬಿಟ್ಟಲ್ಲಿಂದ ತಗೀತಾರೇನು?"

ನಾನು ಚಮಚ ಹಿಡಿದು ಹಾಗೇ ನಿಂತೆ. ಆರು ವರ್ಷ ನಾನು ಪ್ರತಿ ಸಲವೂ ಮುಂದಿನ ಹಂಡೆಗೆ ಎತ್ತಿಟ್ಟದ್ದು ಬೇಗ ಬೆಳೆದ ಕೋಶಗಳನ್ನೇ. ಬಣ್ಣ ಮಾಡುವ ಕೋಶ ತನ್ನ ಶಕ್ತಿಯನ್ನು ಬಣ್ಣಕ್ಕೆ ಸುರಿಯುತ್ತದೆ, ಹಾಗಾಗಿ ನಿಧಾನವಾಗಿ ಬೆಳೆಯುತ್ತದೆ. ಬಣ್ಣ ಮಾಡದ ಸೋಮಾರಿ ಬೇಗ ಬೆಳೆಯುತ್ತದೆ. ನಾನು ಪ್ರತಿ ಹನ್ನೆರಡು ದಿನಕ್ಕೊಮ್ಮೆ ಸೋಮಾರಿಗಳನ್ನು ಆರಿಸಿ ಆರಿಸಿ ಬಡ್ತಿ ಕೊಟ್ಟಿದ್ದೆ. ಈ ಹೆಂಗಸರು ಪ್ರತಿ ಸಲವೂ ಕೆಂಪಾದದ್ದನ್ನೇ ಆರಿಸಿದ್ದರು. ಜೊತೆಗೆ ಸಕ್ಕರೆ ನೀರನ್ನು ನೆನಪಾದಾಗ ಮಾತ್ರ ಹಾಕುತ್ತಿದ್ದರು. ಅರೆಹೊಟ್ಟೆಯ ಕೋಶ ಬಣ್ಣವನ್ನು ಇನ್ನೂ ಹೆಚ್ಚು ಮಾಡುತ್ತದೆ. ಇದೆಲ್ಲ ನನಗೆ ಗೊತ್ತಿರದ ವಿದ್ಯೆಯಲ್ಲ. ನಾನೇ ಹುಡುಗರಿಗೆ ಪಾಠ ಹೇಳಿದ್ದೆ. ನಾಚಿಕೆಯಾಯಿತು, ಹಗುರವೂ ಆಯಿತು, ಎರಡೂ ಒಟ್ಟಿಗೇ.

ಆ ಹದಿನಾಲ್ಕು ದಿನ ಕೇಂದ್ರದಲ್ಲಿ ಯಾರೂ ನಿಯಮದ ಮಾತೆತ್ತಲಿಲ್ಲ. ಕಾಶವ್ವನ ಕೋಶಗಳನ್ನು ಔಷಧಿ ನೀರಿನಲ್ಲಿ ಶುದ್ಧಮಾಡಿ, ಚಿಕ್ಕ ಶೀಶೆಗೆ, ಆಮೇಲೆ ದೊಡ್ಡದಕ್ಕೆ ಏರಿಸಿದೆವು. ಐದನೇ ದಿನ ನೀರು ಗುಲಾಬಿಯಾಯಿತು. ಸಂಗವ್ವ ಬೆಳಿಗ್ಗೆ ಬಂದವಳೇ ಶೀಶೆಯನ್ನು ಕಿಟಕಿಗೆ ಹಿಡಿದು ನೋಡಿ, ಇನ್ನೂ ಕೂಸು ಎನ್ನುತ್ತಿದ್ದಳು. ಹನ್ನೆರಡನೇ ದಿನ ಶೀಶೆ ಕೆಳಗಿಟ್ಟು, ಸೆರಗಿನ ತುದಿಯಿಂದ ಕಣ್ಣೊರೆಸಿಕೊಂಡಳು. ನಾನೂ ಬೇರೆ ಕಡೆ ನೋಡಿದೆ.

ಚಕ್ರಪಾಣಿ ಹೇಳಿದ ದಿನವೇ ಬಂದರು. ಬಿಳಿ ಅಂಗಿಯ ತೆಳ್ಳನೆಯ ಮನುಷ್ಯ, ನನ್ನ ಹಾಗೆಯೇ ಪೆನ್ನು ಜೇಬಿನಲ್ಲಿ ನೇರವಾಗಿ ನಿಲ್ಲದಿದ್ದರೆ ಚಡಪಡಿಸುವವರು. ಅವರ ಎದುರಿಗೇ ಸಂಗವ್ವ ಲಡಿಯನ್ನು ಬಣ್ಣದಲ್ಲಿ ಅದ್ದಿ, ತಿರುವಿ, ಎತ್ತಿ, ಹಿಂಡಿ, ನೆರಳಿಗೆ ಹಾಕಿದಳು. ಒಣಗಿದ ಮೇಲೆ ಅವರು ಮಾದರಿಯ ನೂಲನ್ನು ಪಕ್ಕದಲ್ಲಿಟ್ಟು ಬಹಳ ಹೊತ್ತು ನೋಡಿದರು. ಮಾದರಿಯೇ ಸ್ವಲ್ಪ ಪೇಲವವಾಗಿ ಕಂಡಿತು.

ಆಮೇಲೆ ನನ್ನ ವರದಿ ಓದಿದರು. ನಾನು ಒಂದನ್ನೂ ಮುಚ್ಚಿಟ್ಟಿರಲಿಲ್ಲ. ನನ್ನ ಮೂರು ಪ್ರತಿಯ ಸಹಿಯೂ ಅದರಲ್ಲಿತ್ತು. ಅವರು ಗೋಡೆಯ ಕಡೆ ಬೆರಳು ತೋರಿಸಿದರು.

"ನಿಮ್ಮದೇ ನಿಯಮ. ಕೋಶ ಒಯ್ದವರನ್ನು ತೆಗೆಯಬೇಕು. ತೆಗೆದಿದ್ದೀರಾ?"

ಸಂಗವ್ವ ಬಾಗಿಲಲ್ಲಿ ನಿಂತಿದ್ದಳು, ಮೇಲಂಗಿಯ ಗುಂಡಿಗೆ ಕೈ ಹಾಕಿಕೊಂಡು.

"ಅದೇ ದಿನ ತೆಗೆಯಬೇಕು ಎಂದು ನಿಯಮ," ಎಂದೆ. "ಅವರು ಒಯ್ದದ್ದು ನಾಲ್ಕು ವರ್ಷದ ಹಿಂದೆ. ಆ ದಿನ ಕಳೆದುಹೋಗಿದೆ. ಬೇರೆ ದಿನ ತೆಗೆದರೆ ನಿಯಮ ಮುರಿದಂತಾಗುತ್ತದೆ, ನಾನು ನಿಯಮ ಮುರಿಯುವುದಿಲ್ಲ."

ಅವರು ನನ್ನ ಮುಖವನ್ನೇ ನೋಡಿದರು. ನಿಯಮದ ವಿಷಯದಲ್ಲಿ ನನ್ನಷ್ಟೇ ಅತಿಯಾದ ಇನ್ನೊಬ್ಬ ಮನುಷ್ಯನಿಗೆ ಮಾತ್ರ ಒಪ್ಪಿಗೆಯಾಗುವ ವಾದ ಅದು. ಅವರಿಗೆ ಒಪ್ಪಿಗೆಯಾಯಿತು. ಹಾಗಾದರೆ ಇನ್ನು ಮುಂದೆ ಕೋಶಗಳನ್ನು ಎಲ್ಲಿ ಕಾಪಾಡಿಡುತ್ತೀರಿ ಎಂದು ಕೇಳಿದರು. ಸಾರಜನಕದ ಹಂಡೆಯಲ್ಲಿ, ಮತ್ತು ಈಗ ಹೆಪ್ಪು ಇಟ್ಟುಕೊಂಡಿರುವ ಊರಿನ ಮೂವತ್ತೊಂದು ಮನೆಗಳಲ್ಲಿ ಎಂದು ಹೇಳಿ ಪಟ್ಟಿ ಕೊಟ್ಟೆ. ಹನ್ನೊಂದನೆಯ ನಿಯಮವನ್ನು ಹೊಡೆದುಹಾಕಿ ಹೊಸದನ್ನು ಬರೆದಿದ್ದೆ: ಕೇಳಿದವರಿಗೆ ಹೆಪ್ಪು ಇಲ್ಲ ಎನ್ನಕೂಡದು, ಕೆಂಪಾದಲ್ಲಿಂದಲೇ ತೆಗೆದು ಕೊಡಬೇಕು, ದೀಪ ಹಚ್ಚಿದ ಮೇಲೆ ಕೊಡಕೂಡದು. ಕೊನೆಯದಕ್ಕೆ ವೈಜ್ಞಾನಿಕ ಕಾರಣವೇನು ಎಂದರು. ಇನ್ನೂ ಹುಡುಕುತ್ತಿದ್ದೇನೆ, ಅಲ್ಲಿಯವರೆಗೆ ಪಾಲಿಸುತ್ತೇವೆ ಎಂದೆ. ಅವರು ನಗದೆ ಸಹಿ ಹಾಕಿದರು. ಕೇಂದ್ರ ಉಳಿಯಿತು. ಸಂಗವ್ವ ಗುಂಡಿಯಿಂದ ಕೈ ತೆಗೆದಳು.

ಸಂಜೆ ಅವರನ್ನು ಕಳಿಸಲು ಕಾರಿನವರೆಗೆ ಹೋದೆವು. ಕಾರಿನ ಬಾಗಿಲು ತೆರೆದ ಮೇಲೂ ಅವರು ಹತ್ತಲಿಲ್ಲ. ಸುತ್ತ ನೋಡಿ, ದನಿ ತಗ್ಗಿಸಿ, ತಮ್ಮ ಸ್ವಂತ ಪ್ರಯೋಗಾಲಯದ ಹಂಡೆಯೂ ಬೆಳ್ಳಗಾಗಿ ಎಂಟು ತಿಂಗಳಾಯಿತೆಂದರು. ಯಾರಿಗೂ ಹೇಳಿರಲಿಲ್ಲವಂತೆ. ಒಂದು ಚಿಕ್ಕ ಶೀಶೆ ಸಾಕು, ಈಗಲೇ ಕೊಟ್ಟರೆ ರಾತ್ರಿಯ ರೈಲಿಗೆ ಒಯ್ಯುತ್ತೇನೆ ಎಂದರು.

ಸಂಗವ್ವ ನನ್ನ ಕಡೆ ನೋಡಿದಳು. ರಸ್ತೆಯಾಚೆಯ ಮನೆಯ ಪಡಸಾಲೆಯಲ್ಲಿ ದೀಪ ಕಾಣುತ್ತಿತ್ತು. ಆರು ವರ್ಷದಲ್ಲಿ ಒಮ್ಮೆಯೂ ನನ್ನ ನಾಲಿಗೆಗೆ ಒಗ್ಗದ ಈ ಊರಿನ ಮಾತು ತಾನಾಗಿ ಬಂತು.

"ದೀಪ ಹಚ್ಚ್ಯಾರ್ರೀ ಸರ್," ಎಂದೆ. "ಮುಂಜಾನಿ ಬರ್ರಿ. ಸಕ್ಕರಿ ಮರೀಬ್ಯಾಡ್ರಿ."

ಅವರು ಕಾರಿನ ಬಾಗಿಲು ಮುಚ್ಚಿ, ಜೇಬಿನಿಂದ ಪೆನ್ನು ತೆಗೆದು, ಎಷ್ಟು ಸಕ್ಕರೆ ತರಬೇಕೆಂದು ಸಂಗವ್ವನನ್ನು ಕೇಳಿದರು.